ಒಂದು ಕೋವಿಯ ಬೆಲೆ: ಟಿಪ್ಪು ಸುಲ್ತಾನರ ಕಾರ್ಖಾನೆಗಳಿಂದ ಒಂದು ಪಾಠ



ಟಿಪ್ಪು ಸುಲ್ತಾನರ ಹೆಸರು ಬಂದಾಗಲೆಲ್ಲ ನಾವು ಅವರ ಖಡ್ಗವನ್ನೂ ರಾಕೆಟ್ಟುಗಳನ್ನೂ ನೆನೆಯುತ್ತೇವೆ. ಆದರೆ ಅವರ ಸೈನಿಕನ ಹೆಗಲ ಮೇಲಿದ್ದ ಒಂದು ಕೋವಿ ತಯಾರಾಗಲು ಏನೇನು ಖರ್ಚಾಗುತ್ತಿತ್ತು ಎಂದು ಎಂದಾದರೂ ಯೋಚಿಸಿದ್ದೀರಾ?

ಮೊದಲನೆಯ ಖರ್ಚು ಕಬ್ಬಿಣದ್ದು. ಟಿಪ್ಪು ಹುತಾತ್ಮರಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಸುತ್ತಮುತ್ತ ಕಬ್ಬಿಣ ಕರಗಿಸುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಮಳೆನೀರಿನಲ್ಲಿ ಕೊಚ್ಚಿ ಬಂದ ಕಪ್ಪು ಮರಳನ್ನು ತೊಳೆಯುವವರು, ಕಾಡಿನಲ್ಲಿ ಇದ್ದಿಲು ಸುಡುವವರು, ತಿದಿ ಒತ್ತುವವರು, ಸುತ್ತಿಗೆ ಬಡಿಯುವವರು – ಇಷ್ಟು ಜನ ದುಡಿದರೆ ಮಾತ್ರ ಕಬ್ಬಿಣ. ಅದಿರಿಗಿಂತ ಇದ್ದಿಲು ಮತ್ತು ಕೂಲಿಯೇ ದೊಡ್ಡ ಬಾಬ್ತು.

ಎರಡನೆಯದು ಕೈಕೆಲಸ. ಕಾದ ಕಬ್ಬಿಣದ ತಗಡನ್ನು ಸಲಾಕೆಗೆ ಸುತ್ತಿ, ಬಡಿದು, ಬೆಸೆದು ನಳಿಗೆ ಮಾಡಬೇಕು. ಒಳಗಿನ ರಂಧ್ರವನ್ನು ಕೊರೆದು ನುಣುಪುಗೊಳಿಸಬೇಕು. ಬೆಸುಗೆ ಸಡಿಲವಾದರೆ ಪರೀಕ್ಷೆಯಲ್ಲೇ ನಳಿಗೆ ಸಿಡಿಯುತ್ತದೆ. ಅಷ್ಟು ದಿನದ ಶ್ರಮ ವ್ಯರ್ಥ. ಹೀಗೆ ಒಡೆದುಹೋದವುಗಳ ನಷ್ಟವೂ ಉಳಿದ ಕೋವಿಗಳ ಬೆಲೆಗೆ ಸೇರುತ್ತದೆ. ಚಕಮಕಿ ಕಲ್ಲಿನಿಂದ ಕಿಡಿ ಹೊಡೆಸುವ ಚಾಪಿನ ಸ್ಪ್ರಿಂಗಿಗೆ ಹದ ಕೊಡುವುದಂತೂ ವರ್ಷಗಟ್ಟಲೆ ಕಲಿತವರ ಕೆಲಸ. ಇದರ ಮೇಲೆ ಮರದ ಹಿಡಿಕೆ, ಮದ್ದಿಗೆ ಪೆಟ್ಲುಪ್ಪು, ಗಂಧಕ, ಇದ್ದಿಲು.

ಈ ಲೆಕ್ಕ ಸುಲ್ತಾನರಿಗೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದಲೇ ಅವರು ಆಯುಧ ಕೊಳ್ಳುವುದಕ್ಕೆ ತೃಪ್ತರಾಗದೆ ಕುಶಲಕರ್ಮಿಗಳನ್ನು ಹುಡುಕಿದರು. 1786ರಲ್ಲಿ ತುರ್ಕಿಯ ಸುಲ್ತಾನರ ಬಳಿಗೂ, 1788ರಲ್ಲಿ ಪ್ಯಾರಿಸ್ ತಲುಪಿ ಫ್ರಾನ್ಸಿನ ದೊರೆ 16ನೇ ಲೂಯಿಯ ಬಳಿಗೂ ಹೋದ ಅವರ ರಾಯಭಾರಿಗಳಿಗೆ ಕುಶಲಕರ್ಮಿಗಳನ್ನು ಕರೆತರುವ ಹೊಣೆಯೂ ಇತ್ತು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲಿ ಕಾರ್ಖಾನೆಗಳು ನಡೆದವು. ಅಲ್ಲಿ ತಯಾರಾದ ಕೆಲವು ಬಂದೂಕುಗಳ ಮೇಲೆ ಊರಿನ ಹೆಸರು, ಮೌಲೂದಿ ವರ್ಷದ ಜೊತೆಗೆ ತಯಾರಿಸಿದವನ ಹೆಸರೂ ಕೆತ್ತಲ್ಪಟ್ಟಿದೆ. ದೊರೆಯ ಆಯುಧದ ಮೇಲೆ ದುಡಿದವನ ಹೆಸರು! ಇದು ಸಣ್ಣ ಮಾತಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಕೋಟೆಯಲ್ಲಿ ಇಂಗ್ಲಿಷರಿಗೆ 929 ಫಿರಂಗಿಗಳು ಸಿಕ್ಕವು. ಅಂದರೆ ಆಯುಧಗಳಿಗೆ ಕೊರತೆ ಇರಲಿಲ್ಲ. ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗ ಮಾಡಿ, ನಕ್ಷೆ ಬರೆದು, ಪುಸ್ತಕ ಪ್ರಕಟಿಸಿದನು. ನಮ್ಮ ಕುಶಲಕರ್ಮಿಗಳ ವಿದ್ಯೆ ತಂದೆಯಿಂದ ಮಗನಿಗೆ, ಉಸ್ತಾದನಿಂದ ಶಾಗಿರ್ದನಿಗೆ ಕೈಯಿಂದ ಕೈಗೆ ಸಾಗುತ್ತಿದ್ದ ವಿದ್ಯೆ. ಕುಲುಮೆ ಆರಿದ ಮೇಲೆ ಅದನ್ನು ಕಲಿಯುವವರು ಯಾರು?

ಓದುಗರೇ, ಕೋವಿಯ ಬೆಲೆಯಲ್ಲಿ ಅತಿ ದುಬಾರಿಯಾದದ್ದು ಕಬ್ಬಿಣವಲ್ಲ, ಹುನರ್. ಇಂದು ನಮಗೆ ಬೇಕಾಗಿರುವುದು ಕೋವಿಯಲ್ಲ, ಆ ಹುನರ್. ಐಟಿಐ, ಡಿಪ್ಲೊಮಾ ಸೇರಿದ ಮಗನನ್ನು ‘ಓದು ಹತ್ತಲಿಲ್ಲ’ ಎಂದು ಕೀಳಾಗಿ ಕಾಣುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಗ್ಯಾರೇಜಿನಲ್ಲಿ, ಲೇತ್ ಯಂತ್ರದ ಮುಂದೆ ದುಡಿಯುವ ಹುಡುಗನ ಕೈಯಲ್ಲಿ ವಿದ್ಯೆ ಇದೆ. ಅದಕ್ಕೆ ಪುಸ್ತಕವೂ ಪ್ರಮಾಣಪತ್ರವೂ ಸೇರಬೇಕು. ಇಲ್ಮ್ ಮತ್ತು ಹುನರ್ ಒಂದಾಗಲಿ. ಸುಲ್ತಾನರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.