ಜೋಡಿ ಕಟ್ಟುವ ಅಧಿಕಾರ: ಮಹಾನವಮಿಯ ಮಲ್ಲರಿಂದ ವೃತ್ತಿಪರ ಬಾಕ್ಸಿಂಗ್‌ನ ಮ್ಯಾನೇಜರ್‌ವರೆಗೆ

ಬಾಕ್ಸಿಂಗ್ ಮ್ಯಾನೇಜರ್‌ಗಳ ಪ್ರಭಾವದ ಕುರಿತ ಚರ್ಚೆ ಬಹುಪಾಲು ಹಣದ ಸುತ್ತಲೇ ನಡೆದಿದೆ: ಬಾಕ್ಸರನ ಗಳಿಕೆಯಲ್ಲಿ ಮ್ಯಾನೇಜರನ ಪಾಲು ಮೂರನೆಯ ಒಂದೋ, ಅರ್ಧವೋ ಎಂದು. ಯಾರು ಯಾರೊಡನೆ, ಯಾವಾಗ ಸೆಣಸಬೇಕೆಂದು ಗೊತ್ತುಮಾಡುವ ಅಧಿಕಾರ ಇದಕ್ಕಿಂತ ಮೂಲದ್ದು, ಹಣದ ಪಾಲು ಅದರ ಫಲ ಎಂಬುದು ಈ ಲೇಖನದ ವಾದ. ಕನ್ನಡ ನಾಡಿನ ಮಲ್ಲಯುದ್ಧ ಪರಂಪರೆಯನ್ನೂ ಇಪ್ಪತ್ತನೆಯ ಶತಮಾನದ ಅಮೆರಿಕದ ಬಾಕ್ಸಿಂಗನ್ನೂ ಪಕ್ಕಪಕ್ಕ ಇಟ್ಟು ಈ ವಾದವನ್ನು ಪರಿಶೀಲಿಸಲಾಗಿದೆ.

ಅರಮನೆಯ ಮಲ್ಲರು

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಪ್ರಕರಣವಿದೆ. ಮಲ್ಲರ ಪೋಷಣೆ, ವರ್ಗೀಕರಣ, ಅಖಾಡದ ವ್ಯವಸ್ಥೆ ಎಲ್ಲವೂ ಅಲ್ಲಿ ರಾಜನ ವಿನೋದದ ಭಾಗ. ಪೋಷಕನೂ ಅವನೇ, ಪ್ರೇಕ್ಷಕನೂ ಅವನೇ.

ವಿಜಯನಗರದ ಕಾಲಕ್ಕೆ ರಾಜ ಮತ್ತು ಮಲ್ಲರ ನಡುವೆ ಒಬ್ಬ ಮಧ್ಯವರ್ತಿ ಕಾಣಿಸಿಕೊಳ್ಳುತ್ತಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಮಲ್ಲರನ್ನು ವರ್ಣಿಸಿದ್ದಾನೆ. ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಹೊಡೆತ ಬೀಳುತ್ತಿದ್ದ ಆ ಕಾಳಗದಲ್ಲಿ ಇಬ್ಬರನ್ನೂ ಸಮನಾಗಿ ನಿಲ್ಲಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರು. ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಕೈಯಲ್ಲಿ ಮೊನೆಯುಳ್ಳ ಬಳೆ ಹಿಡಿದು ಹೊಡೆದಾಡುವ ಮಲ್ಲರನ್ನು ಹೆಸರಿಸಿ, ಅವರ ಮೇಲೊಬ್ಬ ನಾಯಕನಿದ್ದ, ರಾಜ್ಯದಲ್ಲಿ ಅವರಿಗೆ ಬೇರೆ ಊಳಿಗ ಇರಲಿಲ್ಲ ಎನ್ನುತ್ತಾನೆ. ಹೆಚ್ಚು ಗಾಯಗೊಂಡವನಿಗೇ ರೇಷ್ಮೆ ವಸ್ತ್ರದ ಉಡುಗೊರೆ ಸಿಗುತ್ತಿತ್ತಂತೆ. ಬೇರೆ ಜೀವನೋಪಾಯವಿಲ್ಲದ ಮಲ್ಲನಿಗೆ ನಾಯಕನ ಮಾತು ಮೀರುವುದು ಸಾಧ್ಯವಿರಲಿಲ್ಲ. ಆದರೆ ಆ ನಾಯಕ ಸಾವಿರಾರು ಜನರ ಕಣ್ಣೆದುರು, ರಾಜನ ಸಮ್ಮುಖದಲ್ಲಿ ಕೆಲಸ ಮಾಡಬೇಕಿತ್ತು.

ಈ ಕಾಳಗದ ಉಳಿದ ರೂಪ ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗ. ವಿಜಯದಶಮಿಯಂದು ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರಿನ ಜಟ್ಟಿಗಳು ತಲೆ ಬೋಳಿಸಿಕೊಂಡು ಕಣಕ್ಕಿಳಿಯುತ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಪಕ್ಕದಲ್ಲೇ ನಿಂತ ಹಿರಿಯರು ಬಿಡಿಸುತ್ತಾರೆ. ಅನೇಕ ವೇಳೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಜೋಡಿ ಗೊತ್ತುಮಾಡುವ ಉಸ್ತಾದರೇ ಕಾಳಗ ನಿಲ್ಲಿಸುವ ಹೊಣೆಯನ್ನೂ ಹೊರುತ್ತಾರೆ.

ಜಾತ್ರೆಯ ಕಣ

ಮಾನ್ವಿ, ದೇವದುರ್ಗ, ರಾಯಚೂರು ಸೀಮೆ ಕೃಷ್ಣೆ–ತುಂಗಭದ್ರೆಯರ ನಡುವಿನ ದೋಆಬ್. ಈ ಭಾಗದಲ್ಲಿ ಕುಸ್ತಿಗೆ ಆಶ್ರಯ ಅರಮನೆಯದಲ್ಲ, ಜಾತ್ರೆಯದು. ರಾಯಚೂರಿನಲ್ಲಿ ಕಾರಹುಣ್ಣಿಮೆಯ ಹೊತ್ತಿಗೆ ಮುನ್ನೂರು ಕಾಪು ಸಮಾಜ ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲೆಳೆಯುವ ಸ್ಪರ್ಧೆಯ ಜೊತೆ ಕುಸ್ತಿಗೂ ಜಾಗವಿದೆ. ಕಲ್ಯಾಣ ಕರ್ನಾಟಕದ ಜಾತ್ರೆಗಳಲ್ಲಿ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಆಟ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಗೆ ಮುಗಿಯುವುದು ವಾಡಿಕೆ. ಹಿರಿಯರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಮೈಕಟ್ಟು ಅಳೆದು, ಕೈಗೆ ಕೈ ಹಿಡಿಸಿ ಜೋಡಿ ಕಟ್ಟುತ್ತಾರೆ. ಜೋಡಿ ಸರಿಯಿಲ್ಲವೆನಿಸಿದರೆ ಸುತ್ತ ಕೂತ ಜನ ಸುಮ್ಮನಿರುವುದಿಲ್ಲ. ಮೈಸೂರು ದಸರಾ ಕುಸ್ತಿಗೂ ಮುನ್ನ ಜೋಡಿ ಕಟ್ಟುವ ಕಾರ್ಯ ಬಹಿರಂಗವಾಗಿಯೇ ನಡೆಯುತ್ತದೆ.

ಇದನ್ನು ಆದರ್ಶವೆಂದು ಹೊಗಳಬೇಕಿಲ್ಲ. ಬಹುಮಾನ ಕೊಟ್ಟ ದೊಡ್ಡವರ ಮಾತಿಗೆ ಜಾತ್ರೆಯ ಕಮಿಟಿಯಲ್ಲಿ ತೂಕ ಹೆಚ್ಚು. ವಜ್ರಮುಷ್ಟಿಯ ಕಣವಂತೂ ಒಂದೇ ಸಮುದಾಯದ ಹಕ್ಕು. ಆದರೂ ಪ್ರಭಾವ ಎಲ್ಲಿಂದ ಬರುತ್ತಿದೆ ಎಂಬುದು ಕಣದ ಸುತ್ತಲಿನವರಿಗೆ ಗೊತ್ತಿರುತ್ತದೆ.

ಮುಚ್ಚಿದ ಕೋಣೆ

ಅಮೆರಿಕದ ಬಾಕ್ಸಿಂಗ್‌ನಲ್ಲಿ ಮರೆಯಾದದ್ದು ಈ ಬಹಿರಂಗತೆಯೇ. 1947ರ ನವೆಂಬರ್ 14ರಂದು ಬಾಕ್ಸರ್ ಜೇಕ್ ಲಾಮೊಟ್ಟಾ ಬಿಲ್ಲಿ ಫಾಕ್ಸ್‌ಗೆ ಬೇಕೆಂದೇ ಸೋತ. ಫಾಕ್ಸ್‌ನ ಮ್ಯಾನೇಜರ್ ಬ್ಲಿಂಕಿ ಪಲೆರ್ಮೊ, ಭೂಗತ ಲೋಕದ ಫ್ರಾಂಕಿ ಕಾರ್ಬೊನ ಜೊತೆಗಾರ. ಲಾಮೊಟ್ಟಾ ಹಾಗೆ ಸೋತದ್ದು ವಿಶ್ವ ಪ್ರಶಸ್ತಿಗೆ ಸೆಣಸುವ ಅವಕಾಶಕ್ಕಾಗಿ. ಅದು ಒದಗಿದ್ದು 1949ರ ಜೂನ್‌ನಲ್ಲಿ, ಮಾರ್ಸೆಲ್ ಸೆರ್ಡಾನ್ ವಿರುದ್ಧ. ಅಲ್ಲಿ ಅವನು ಗೆದ್ದ. 1960ರಲ್ಲಿ ಬಾಕ್ಸಿಂಗ್‌ನ ಅಕ್ರಮಗಳನ್ನು ವಿಚಾರಣೆ ಮಾಡುತ್ತಿದ್ದ ಸೆನೆಟರ್ ಕೆಫಾವರ್ ಸಮಿತಿಯೆದುರು, ಫಾಕ್ಸ್‌ಗೆ ಬೇಕೆಂದೇ ಸೋತದ್ದನ್ನು ಅವನೇ ಒಪ್ಪಿಕೊಂಡ. ಒಳ್ಳೆಯ ಬಾಕ್ಸರನೊಬ್ಬ ಒಳ್ಳೆಯ ಜೋಡಿ ದಕ್ಕಿಸಿಕೊಳ್ಳಲು ಸೋಲನ್ನೇ ಬೆಲೆಯಾಗಿ ತೆತ್ತದ್ದು ಜೋಡಿ ಕಟ್ಟುವವರ ಬಲಕ್ಕೆ ಸಾಕ್ಷಿ.

1949ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಕ್ಲಬ್ ಈ ಬಲವನ್ನು ವ್ಯವಸ್ಥೆಯಾಗಿಸಿತು. 1949ರ ಜೂನ್‌ನಿಂದ 1953ರ ಮೇವರೆಗೆ ಅಮೆರಿಕದಲ್ಲಿ ನಡೆದ 44 ಚಾಂಪಿಯನ್‌ಶಿಪ್ ಪಂದ್ಯಗಳಲ್ಲಿ 36 ಅದರ ಹಾಗೂ ಅದರ ಕೂಟದ ಹಿಡಿತದಲ್ಲಿದ್ದವು. 1959ರಲ್ಲಿ ಸುಪ್ರೀಂ ಕೋರ್ಟ್ ಈ ಏಕಸ್ವಾಮ್ಯವನ್ನು ಒಡೆಯುವ ಆದೇಶವನ್ನು ಎತ್ತಿಹಿಡಿಯಿತು. ಮರೆಯಲ್ಲಿ ನಿಂತು ಬಾಕ್ಸರುಗಳನ್ನು ಆಳುತ್ತಿದ್ದ ಕಾರ್ಬೊಗೆ 1961ರಲ್ಲಿ 25 ವರ್ಷಗಳ ಶಿಕ್ಷೆಯಾಯಿತು.

ರೋಗ ಅಲ್ಲಿಗೇ ನಿಲ್ಲಲಿಲ್ಲ. 1980ರ ದಶಕದಲ್ಲಿ ಪ್ರವರ್ತಕ ಡಾನ್ ಕಿಂಗ್ ಪಂದ್ಯ ಏರ್ಪಡಿಸಿದರೆ, ಟಿಮ್ ವಿದರ್‌ಸ್ಪೂನ್‌ನ ಮ್ಯಾನೇಜರ್ ಆಗಿದ್ದವನು ಕಿಂಗ್‌ನ ಮಲಮಗ ಕಾರ್ಲ್. ಬಾಕ್ಸರನ ಪರವಾಗಿ ಚೌಕಾಸಿ ಮಾಡಬೇಕಾದವನೇ ಎದುರು ಪಕ್ಷದ ಮನೆಯವನು. ಮ್ಯಾನೇಜರ್ ಮತ್ತು ಪ್ರವರ್ತಕರ ಹಿತಾಸಕ್ತಿ ಬೇರೆಬೇರೆ ಇರಬೇಕು, ಹಣಕಾಸಿನ ವಿವರ ಬಯಲಾಗಬೇಕು ಎಂಬ ನಿಯಮ ಬಂದದ್ದು 2000ದ ಮುಹಮ್ಮದ್ ಅಲಿ ಕಾಯ್ದೆಯಿಂದ.

ಉಪಸಂಹಾರ

ವಿಜೇಂದರ್ ಸಿಂಗ್ 2015ರಲ್ಲಿ ಬ್ರಿಟನ್ನಿನ ಕ್ವೀನ್ಸ್‌ಬೆರಿ ಪ್ರಮೋಷನ್ಸ್‌ ಜೊತೆ ಒಪ್ಪಂದ ಮಾಡಿಕೊಂಡು ವೃತ್ತಿಪರರಾದ ಮೇಲೆ, ಈ ಪ್ರಶ್ನೆ ಭಾರತಕ್ಕೂ ಹತ್ತಿರವಾಗಿದೆ. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಎದುರಾಳಿಯನ್ನು ಡ್ರಾ ನಿರ್ಧರಿಸುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಒಪ್ಪಂದ ನಿರ್ಧರಿಸುತ್ತದೆ. ಹೀಗಾಗಿ ಮ್ಯಾನೇಜರನ ಪಾಲಿಗೆ ಮಿತಿ ಹಾಕಿದ ಮಾತ್ರಕ್ಕೆ ಬಾಕ್ಸರನಿಗೆ ರಕ್ಷಣೆ ಸಿಗದು. ಜೋಡಿ ಯಾರು ಕಟ್ಟಿದರು, ಅದರಲ್ಲಿ ಯಾರ ಲಾಭವಿದೆ ಎಂಬುದು ಪಂದ್ಯಕ್ಕೆ ಮೊದಲೇ ಬಾಕ್ಸರನಿಗೂ ಜನರಿಗೂ ತಿಳಿಯುವಂತಿರಬೇಕು. ಜಾತ್ರೆಯ ಕಣದಲ್ಲಿ ಇದು ರೂಢಿಯಿಂದ ಸಾಧ್ಯವಾಗಿದೆ. ಒಪ್ಪಂದದ ಜಗತ್ತಿನಲ್ಲಿ ಅದನ್ನು ಕಾನೂನೇ ಮಾಡಬೇಕು.