ವಿದೇಶಕ್ಕೆ ಹೋಗಿ ಕೃತಕ ಡಿಸ್ಕ್ ಹಾಕಿಸಿಕೊಂಡರೆ ಬೆನ್ನುನೋವು ಪೂರ್ತಿ ಮಾಯವಾಗುತ್ತದೆಯೇ?

"ಸವೆದ ಡಿಸ್ಕ್ ತೆಗೆದು ಹೊಸದನ್ನು ಹಾಕುತ್ತಾರೆ, ಬೆನ್ನುನೋವಿಗೆ ಶಾಶ್ವತ ಪರಿಹಾರ, ವಿದೇಶದಲ್ಲಿ ಮಾತ್ರ ಲಭ್ಯ." ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಇದು ನಿಜವೇ?
ಭಾಗಶಃ ನಿಜ. ಚಿಕಿತ್ಸೆ ಇದೆ. ಆದರೆ ಅದು ಎಲ್ಲರಿಗೂ ಅಲ್ಲ, ವಿದೇಶದಲ್ಲಿ ಮಾತ್ರವೂ ಅಲ್ಲ.

ಕೃತಕ ಡಿಸ್ಕ್ ಎಂದರೇನು?
ಬೆನ್ನುಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್. ಅದು ಸವೆದು ನೋವು ಹೆಚ್ಚಾದಾಗ ಎರಡು ಮೂಳೆಗಳನ್ನು ಬೆಸೆಯುವ 'ಫ್ಯೂಷನ್' ಶಸ್ತ್ರಚಿಕಿತ್ಸೆ ಹಳೆಯ ವಿಧಾನ. ಬೆಸೆದ ಜಾಗ ಬಾಗುವುದಿಲ್ಲ. ಆ ಚಲನೆ ಉಳಿಸಲು ಡಿಸ್ಕ್ ಜಾಗದಲ್ಲಿ ಲೋಹ ಮತ್ತು ಪ್ಲಾಸ್ಟಿಕ್‌ನ ಸಾಧನ ಕೂರಿಸುವುದೇ ಕೃತಕ ಡಿಸ್ಕ್ ಅಳವಡಿಕೆ.

ಜರ್ಮನಿಯ ಹೆಸರೇಕೆ?
ಇಂಥ ಮೊದಲ ಡಿಸ್ಕ್‌ಗಳಲ್ಲೊಂದು 1980ರ ದಶಕದಲ್ಲಿ ಪೂರ್ವ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ರೂಪುಗೊಂಡಿತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಕರಿನ್ ಬ್ಯೂಟ್ನರ್-ಯಾನ್ಸ್, 1972ರ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದವರು! ಅಮೆರಿಕದ ಎಫ್‌ಡಿಎ ಶಾರಿಟೆ ಡಿಸ್ಕ್‌ಗೆ ಅನುಮತಿ ಕೊಟ್ಟದ್ದು 2004ರಲ್ಲಿ. ಹೀಗಾಗಿ ಅನೇಕ ಅಮೆರಿಕನ್ನರು ಜರ್ಮನಿಗೆ ಹೋಗುತ್ತಿದ್ದರು. ಈಗ ಭಾರತದ ದೊಡ್ಡ ನಗರಗಳಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಯಾರಿಗೆ ಸೂಕ್ತವಲ್ಲ?
ಮೂಳೆ ಟೊಳ್ಳಾಗಿರುವವರು, ಬೆನ್ನಿನ ಹಿಂಭಾಗದ ಸಣ್ಣ ಕೀಲುಗಳು ಸವೆದವರು, ಬೆನ್ನುಮೂಳೆ ಹೆಚ್ಚು ಜಾರಿದವರು ಅಥವಾ ಸೊಟ್ಟಗಾದವರು, ಸೋಂಕು ಇರುವವರು, ಸಾಧನದ ಲೋಹಕ್ಕೆ ಅಲರ್ಜಿ ಇರುವವರು. ಡಿಸ್ಕ್ ಜಾರಿ ಕಾಲಿಗೆ ಹರಿಯುವ ನೋವು ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ಔಷಧ, ವ್ಯಾಯಾಮದಿಂದಲೇ ಇಳಿಯುತ್ತದೆ.

ಅಪಾಯ ಎಲ್ಲಿದೆ?
ಸೊಂಟದ ಡಿಸ್ಕ್ ಬದಲಿಸಲು ಸಾಮಾನ್ಯವಾಗಿ ಹೊಟ್ಟೆಯ ಕಡೆಯಿಂದ, ದೊಡ್ಡ ರಕ್ತನಾಳಗಳ ಪಕ್ಕದಿಂದ ಹೋಗಬೇಕು. ಸಾಧನ ಜಾರಿದರೆ ಅಥವಾ ಸವೆದರೆ ಎರಡನೇ ಶಸ್ತ್ರಚಿಕಿತ್ಸೆ ಇನ್ನೂ ಕಷ್ಟ, ಏಕೆಂದರೆ ಒಳಗಿನ ಗಾಯದ ಕಲೆಗೆ ರಕ್ತನಾಳ ಅಂಟಿಕೊಂಡಿರುತ್ತದೆ. ಆಗ ಆಪರೇಷನ್ ಮಾಡಿದ ವೈದ್ಯರು ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದರೆ? ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ದೀರ್ಘ ವಿಮಾನ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು.

ದುಡ್ಡು ಕಟ್ಟುವ ಮುನ್ನ ಕೇಳಿ
• ನನಗೆ ಡಿಸ್ಕ್ ಬದಲಾವಣೆಯೇ ಏಕೆ, ಫ್ಯೂಷನ್ ಏಕಲ್ಲ?
• ಯಾವ ಕಂಪನಿಯ, ಯಾವ ಮಾದರಿಯ ಸಾಧನ? ಅದರ ವಿವರದ ಕಾರ್ಡ್ ಕೊಡುತ್ತೀರಾ?
• ಊರಿಗೆ ಮರಳಿದ ಮೇಲೆ ತೊಂದರೆಯಾದರೆ ನೋಡುವವರು ಯಾರು? ಖರ್ಚು ಯಾರದು?
• ನನ್ನ ವಿಮೆ ವಿದೇಶದ ಚಿಕಿತ್ಸೆಗೆ ಅನ್ವಯಿಸುತ್ತದೆಯೇ? (ಇದನ್ನು ವಿಮಾ ಕಂಪನಿಯನ್ನೇ ಕೇಳಿ.)
ಏಜೆಂಟ್ ಅಲ್ಲದ, ಆ ಆಸ್ಪತ್ರೆಗೆ ಸಂಬಂಧವಿಲ್ಲದ ಮತ್ತೊಬ್ಬ ಬೆನ್ನುಮೂಳೆ ತಜ್ಞರಿಗೂ ಎಂಆರ್‌ಐ ತೋರಿಸಿ.

ಗಮನಿಸಿ: ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಅಥವಾ ಕಾಲಿನ ಶಕ್ತಿ ಕುಂದುತ್ತಿದ್ದರೆ ವೀಸಾಕ್ಕಾಗಿ ಕಾಯಬೇಡಿ. ಅದೇ ದಿನ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ತೀರ್ಮಾನ: ಸರಿಯಾಗಿ ಆಯ್ಕೆ ಮಾಡಿದ ಕೆಲವು ರೋಗಿಗಳಿಗೆ ಕೃತಕ ಡಿಸ್ಕ್ ಒಳ್ಳೆಯ ಆಯ್ಕೆ. 'ಎಲ್ಲರಿಗೂ ಶಾಶ್ವತ ಪರಿಹಾರ' ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು.