ದ್ಯಾವನೂರು (ಕಥಾಸಂಕಲನ)

ದ್ಯಾವನೂರು ದೇವನೂರ ಮಹಾದೇವ ಅವರ ಮೊದಲ ಕೃತಿ. 1973ರಲ್ಲಿ ಪ್ರಕಟವಾದ ಈ ಸಣ್ಣಕತೆಗಳ ಸಂಕಲನಕ್ಕೆ ಮೈಸೂರು ಜಿಲ್ಲೆಯ ನಂಜನಗೂಡು ಸೀಮೆಯ ಹಳ್ಳಿಗಳ ಬದುಕು, ಅದರಲ್ಲೂ ದಲಿತ ಕೇರಿಯ ಬದುಕು ವಸ್ತುವಾಗಿದೆ. ಕನ್ನಡದ ದಲಿತ ಕಥನವನ್ನು ಕುರಿತ ಚರ್ಚೆಯಲ್ಲಿ ಮೊದಲಿಗೆ ಹೆಸರಿಸಲಾಗುವ ಪುಸ್ತಕಗಳಲ್ಲಿ ಇದೂ ಒಂದು.

ಹೆಸರು

ಲೇಖಕರು 1948ರಲ್ಲಿ ಜನಿಸಿದ ದೇವನೂರು ನಂಜನಗೂಡು ತಾಲ್ಲೂಕಿನ ಗ್ರಾಮ. ಆಡುಮಾತಿನಲ್ಲಿ ಅದು 'ದ್ಯಾವನೂರು'. 'ಜೈಮಿನಿ ಭಾರತ'ದ ಕವಿ ಲಕ್ಷ್ಮೀಶನ ದೇವನೂರು ಬೇರೆ. ಅದು ಕಡೂರು ತಾಲ್ಲೂಕಿನಲ್ಲಿದೆ. ಇವೆರಡನ್ನು ಒಂದೇ ಎಂದು ಭಾವಿಸಬಾರದು.

ಹಿನ್ನೆಲೆ

ದಲಿತರ ಬದುಕು ಕನ್ನಡ ಕಥನಕ್ಕೆ ಹೊಸದಾಗಿರಲಿಲ್ಲ. ಶಿವರಾಮ ಕಾರಂತರ 'ಚೋಮನ ದುಡಿ' 1933ರಷ್ಟು ಹಿಂದೆಯೇ ಬಂದಿತ್ತು. ಆದರೆ ಅಲ್ಲಿ ನೋಡುವ ಕಣ್ಣು ಕೇರಿಯ ಹೊರಗಿನದು; ಅನುಕಂಪ ಎಷ್ಟೇ ಆಳವಾಗಿದ್ದರೂ ಈ ಅಂತರ ಉಳಿಯುತ್ತದೆ. ಮಹಾದೇವರ ಕತೆಗಳಲ್ಲಿ ಕೇರಿಯೇ ಮಾತನಾಡುತ್ತದೆ. 1973ರ ನವೆಂಬರಿನಲ್ಲಿ, ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನು 'ಬೂಸಾ' ಎಂದು ಕರೆದುದರಿಂದ ದೊಡ್ಡ ಗಲಭೆಯೇ ನಡೆದು ಅವರು ರಾಜೀನಾಮೆ ನೀಡಬೇಕಾಯಿತು. ಯಾರ ಬದುಕು ಸಾಹಿತ್ಯವಾಗಬಲ್ಲದು ಎಂಬ ಪ್ರಶ್ನೆ ಬೀದಿಗೆ ಬಂದ ವರ್ಷದಲ್ಲೇ ಈ ಸಂಕಲನವೂ ಬಂದಿತೆಂಬುದು ಗಮನಾರ್ಹ.

ಕತೆಗಳು

'ಡಾಂಬರು ಬಂದುದು', 'ಮಾರಿಕೊಂಡವರು', 'ಒಂದು ದಹನದ ಕತೆ', 'ಮೂಡಲ ಸೀಮೇಲಿ ಕೊಲೆಗಿಲೆ ಮುಂತಾಗಿ' ಮುಂತಾದವು ಇದರಲ್ಲಿವೆ. ಹೆಚ್ಚು ಪ್ರಸಿದ್ಧವಾದುದು 'ಅಮಾಸ'. ಅಮಾವಾಸ್ಯೆಯಂದು ಹುಟ್ಟಿದ್ದರಿಂದ ಆ ಹೆಸರು ಪಡೆದ ತಬ್ಬಲಿ ಹುಡುಗ ಮಾರಿಗುಡಿಯಲ್ಲಿ ಕುರಿಯಯ್ಯನೆಂಬ ಮುದುಕನ ಆಸರೆಯಲ್ಲಿ ಬೆಳೆಯುತ್ತಾನೆ. ಯಾರ ಗಮನಕ್ಕೂ ಬಾರದ ಅವನು ಮಾರಿಹಬ್ಬದ ಹುಲಿವೇಷದ ಕುಣಿತದಲ್ಲಿ ಊರಿನ ಕಣ್ಣಿಗೆ ಬೀಳುತ್ತಾನೆ. ಲೇಖಕರು ಎಲ್ಲಿಯೂ ಮರುಕ ಬೇಡುವುದಿಲ್ಲ. ಕತೆಯ ಬಲವಿರುವುದು ಈ ಸಂಯಮದಲ್ಲಿ. ಇದನ್ನು ಎ. ಕೆ. ರಾಮಾನುಜನ್ ಮತ್ತು ಮನು ಶೆಟ್ಟಿ ಇಂಗ್ಲಿಷಿಗೆ ಅನುವಾದಿಸಿದ್ದಾರೆ.

ಭಾಷೆ

ಕಪಿಲಾ ನದಿ ನಂಜನಗೂಡನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಭಾಗದ ಆಡುನುಡಿಯಲ್ಲಿ 'ಪೇಟೆ' 'ಪ್ಯಾಟೆ'ಯಾಗುತ್ತದೆ, 'ಹಾಲು' 'ಆಲು' ಆಗುತ್ತದೆ, 'ಕಣ' ಎಂಬುದು 'ಕನ' ಆಗುತ್ತದೆ. ಪಠ್ಯಪುಸ್ತಕಗಳು ತಪ್ಪೆಂದು ತಿದ್ದುತ್ತಿದ್ದ ಇಂತಹ ಉಚ್ಚಾರಗಳಿಗೆ ಮಹಾದೇವರ ಬರಹದಲ್ಲಿ ಸಾಹಿತ್ಯಿಕ ಸ್ಥಾನ ದೊರೆಯಿತು. ಈ ನುಡಿಗೆ ಪರಿಚಿತರಲ್ಲದವರು ಗಟ್ಟಿಯಾಗಿ ಓದಿಕೊಂಡರೆ ಅರ್ಥ ಸುಲಭವಾಗಿ ತೆರೆದುಕೊಳ್ಳುತ್ತದೆ.

ಮುಂದಿನ ಕೃತಿಗಳು

ಸಾಕವ್ವ ಎಂಬ ಮುದುಕಿಯ ಕಳೆದುಹೋದ ಹುಂಜದ ಹುಡುಕಾಟವಿರುವ 'ಒಡಲಾಳ' ಎಂಬ ನೀಳ್ಗತೆ ಹಾಗೂ 'ಕುಸುಮಬಾಲೆ' ಕಾದಂಬರಿ ಇದೇ ನೆಲದವು. 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಮಹಾದೇವರ ಕತೆಗಳನ್ನು ಆಧರಿಸಿ ಕೆ. ಶಿವರುದ್ರಯ್ಯ 'ಮಾರಿಕೊಂಡವರು' ಚಲನಚಿತ್ರವನ್ನು ನಿರ್ದೇಶಿಸಿದ್ದಾರೆ.